ಮುಂದಿನ ಮೇಜಿನ ಪುಸ್ತಕ

ದೇವದುರ್ಗದ ಶೈಲಜಾ ಹೊಲಿಗೆ, ಕಸೂತಿ ಕಲಿಸಿ ನಿವೃತ್ತರಾದವರು. ಜನ ದಾನವಾಗಿ ಕೊಟ್ಟ ಹಳೆಯ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಮಾರಿ, ಬಂದ ಹಣವನ್ನು ಹೆಣ್ಣುಮಕ್ಕಳ ಹಾಸ್ಟೆಲಿಗೆ ಕೊಡುತ್ತಿದ್ದರು. ಬಾಗಿಲು ತೆರೆಯುವ ಮೊದಲು ಕೆಲಸಕ್ಕೆ ನಿಂತವರು ಯಾವ ಪುಸ್ತಕವನ್ನೂ ಎತ್ತಿಟ್ಟುಕೊಳ್ಳಬಾರದೆಂಬುದು ಅವರೇ ಮಾಡಿದ ನಿಯಮ.

ಈ ಸಲದ ಗಂಟಿನಲ್ಲಿ ಕಸೂತಿಯ ಹಳೆಯ ಪುಸ್ತಕವೊಂದು ಸಿಕ್ಕಿತು. ಅದಕ್ಕಾಗಿ ಅವರು ರಾಯಚೂರಿನ ಅಂಗಡಿಗಳನ್ನೆಲ್ಲ ಸುತ್ತಿದ್ದರು.

"ಚೀಲದಾಗ ಹಾಕ್ಕೋರಿ ಟೀಚರ್, ಯಾರು ಕೇಳ್ತಾರ?" ಎಂದಳು ಜೊತೆಗಿದ್ದ ನಾಗವೇಣಿ.

"ಕೊಟ್ಟವರು ನನಗಂತ ಕೊಟ್ಟಿಲ್ಲವ್ವಾ. ಕೊಳ್ಳಾಕ ಬಂದವರಿಗೆ ನಾವು ಆರಿಸಿ ಬಿಟ್ಟಿದ್ದು ಸಿಗಬೇಕೇನು?" ಎಂದು ಶೈಲಜಾ ಅದನ್ನು ಮುಂದಿನ ಮೇಜಿನ ಮೇಲಿಟ್ಟರು.

ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಮಾನ್ವಿಯಿಂದ ಬಂದಿದ್ದ ಹುಡುಗಿಯೊಬ್ಬಳು ಅದನ್ನೇ ಕೈಗೆತ್ತಿಕೊಂಡಳು. ಅವಳು ಅದನ್ನು ಕೆಳಗಿಟ್ಟುಬಿಡಲಿ ಎಂದು ಶೈಲಜಾ ಮನಸ್ಸಿನಲ್ಲೇ ಬೇಡಿಕೊಂಡರು. ಅವಳು ಇಡಲಿಲ್ಲ, ದುಡ್ಡು ತೆಗೆದುಕೊಳ್ಳಲು ಕೂತಿದ್ದ ಅವರ ಬಳಿಗೇ ನೇರ ತಂದಳು. ಶೈಲಜಾ ಪುಸ್ತಕವನ್ನು ಕೈಗೆ ತೆಗೆದುಕೊಂಡು ಕೇಳಿದರು:

"ಕಸೂತಿ ಹಾಕ್ತೀಯೇನವ್ವಾ?"

"ಈಗ ಕಲಿಯಾಕತ್ತೀನ್ರಿ. ಈ ಗೋಪುರ ಹೆಂಗ ಹಾಕಬೇಕು ತಿಳಿವಲ್ದು."

ಶೈಲಜಾ ಕುರ್ಚಿಯೊಂದನ್ನು ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗೋಪುರದ ಪುಟ ತೆರೆದು, ಹೊಲಿಗೆ ಎಲ್ಲಿಂದ ಶುರುವಾಗಬೇಕೆಂದು ಬೆರಳಿಟ್ಟು ತೋರಿಸತೊಡಗಿದರು. ಹಿಂದೆ ಸಾಲುಗಟ್ಟಿದವರನ್ನು ನಾಗವೇಣಿಯೇ ಸಂಭಾಳಿಸಿದಳು.