ತಪ್ಪು ನನ್ನದೆಂದು ಬರೆದುಕೊಡಲಿಲ್ಲ

ಗಾಡಿಗೆ ಗಾಡಿ ಗುದ್ದಿದಾಗ ಸ್ಥಳಕ್ಕೆ ಎಲ್ಲರಿಗಿಂತ ಮೊದಲು ಬರುವುದು ಪೊಲೀಸರಲ್ಲ, ಉಪದೇಶ. ಕೋಲ್ಕತ್ತದಲ್ಲಂತೂ ಒಡೆದ ಗಾಜು ನೆಲ ಮುಟ್ಟುವ ಮೊದಲೇ ಅದು ಬಂದು ನಿಂತಿರುತ್ತದೆ.

ನಾನು ಅಲ್ಲಿಯ ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಕಾಲ. ಊರಿನ ಪೂರ್ವದಂಚಿನಲ್ಲಿ ಗಾಜಿನ ಕಟ್ಟಡಗಳೆದ್ದು, ಸಾಫ್ಟ್‌ವೇರ್ ಹುಡುಗ ಹುಡುಗಿಯರನ್ನು ಹೊತ್ತ ದೊಡ್ಡ ಗಾಡಿಗಳು ರಸ್ತೆಯೆಲ್ಲ ತಮ್ಮದೇ ಎಂಬಂತೆ ಹಾರಾಡತೊಡಗಿದ್ದವು. ನಾನು ನಡುವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಸೆಕೆಂಡ್ ಹ್ಯಾಂಡ್ ಪುಟ್ಟ ಕಾರೊಂದನ್ನು ಟ್ರಾಮೂ ನಾಚುವಷ್ಟು ನಿಧಾನವಾಗಿ ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಅಲಿಪುರದಲ್ಲಿ ಬಲಕ್ಕೆ ತಿರುಗಲೆಂದು ಇಂಡಿಕೇಟರ್ ಹಾಕಿ, ಎದುರಿನ ಬಸ್ಸು ದಾಟಲಿ ಎಂದು ನಿಂತಿದ್ದೆ. ಹಿಂದಿನಿಂದ ಅಂಥದೊಂದು ಗಾಡಿ ನನ್ನ ಬಲಗಡೆಯಿಂದಲೇ ನುಗ್ಗಿ, ಬಾಗಿಲನ್ನು ಹಪ್ಪಳದಂತೆ ಮುರಿದು, ಮುಂದೆ ಹೋಗಿ ನಿಂತಿತು. ನನಗೆ ಏನೂ ಆಗಲಿಲ್ಲ. ಗೇರನ್ನು ದಾಟಿ, ಸೀರೆ ಸಾವರಿಸಿಕೊಂಡು ಎಡಗಡೆಯಿಂದ ಇಳಿಯುವಾಗ ಆದ ಅವಮಾನವೇ ದೊಡ್ಡದು.

"ನಾನು ಸರಿಯಾಗಿ ಬರ್ತಿದ್ದೆ, ಈಕೆ ಫಕ್ಕನೆ ತಿರುಗಿಸಿದಳು" ಎಂದ ಆ ಡ್ರೈವರ್. ನೆರೆದವರು ತಲೆಯಾಡಿಸಿದರು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬುದು ನಮ್ಮ ತರ್ಕಶಾಸ್ತ್ರದ ಅನುಮಾನ ಪ್ರಮಾಣ. ಸ್ಟಿಯರಿಂಗ್ ಹಿಂದೆ ಹೆಂಗಸಿದ್ದಲ್ಲಿ ತಪ್ಪಿರುತ್ತದೆ ಎಂಬುದು ರಸ್ತೆಯ ಅನುಮಾನ ಪ್ರಮಾಣ. ಪ್ರತ್ಯಕ್ಷ ನೋಡಿದವರು ಯಾರೆಂದು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. "ದೀದಿ, ಮಿಟ್‌ಮಾಟ್ ಕೊರೆ ನಿನ್" ಎಂದು ಎಲ್ಲರೂ ರಾಜಿಯ ಮಂತ್ರ ಜಪಿಸಿದರು.

ಅಷ್ಟರಲ್ಲಿ ಗಾಡಿಯ ಕಂಟ್ರಾಕ್ಟರನ ಕಡೆಯ ಟೈ ಕಟ್ಟಿದ ಯುವಕನೊಬ್ಬ ಬಂದ. "ಮೇಡಂ, ಅಮೆರಿಕದಲ್ಲಿ ಕ್ಲೈಂಟ್ ಕಾಯ್ತಿದ್ದಾನೆ. ನಿಮ್ಮ ತಪ್ಪು ಅಂತ ಎರಡು ಸಾಲು ಬರೆದುಕೊಡಿ, ಕಾರು ಪಕ್ಕಕ್ಕೆ ಹಾಕಿ. ಮಿಕ್ಕಿದ್ದು ಇನ್ಶೂರೆನ್ಸಿನವರು ನೋಡಿಕೊಳ್ತಾರೆ" ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದ. ನಾನು ನಮ್ಮವರಿಗೆ ಫೋನ್ ಮಾಡಿದೆ. ಅವರು ಗಾರ್ಡನ್ ರೀಚಿನ ಆಫೀಸಿನಿಂದ, ಧಾರವಾಡದ ತಣ್ಣನೆಯ ದನಿಯಲ್ಲಿ, "ಹೋಗ್ಲಿ ಬಿಡು. ಬರದು ಕೊಟ್ಟು ಮನೀಗೆ ಬಾ. ಯಾರ ತಪ್ಪಾದ್ರೇನು, ಬಾಗ್ಲಾ ರಿಪೇರಿ ಆದ್ರ ಸಾಕಲ್ಲ?" ಎಂದರು.

"ರಿಪೇರಿ ಬಾಗ್ಲಕ್ಕ ಅಷ್ಟ ಅಲ್ರೀ, ನನಗೂ ಆಗ್ಬೇಕು" ಎಂದು ಫೋನಿಟ್ಟೆ.

ಆಮೇಲೆ ನನ್ನ ಮೈಮೇಲೆ ಯಾವ ದೇವತೆ ಬಂದಳೋ ಕಾಣೆ. ಬರೆದುಕೊಡುವುದಿಲ್ಲ, ಪೊಲೀಸರು ಬಂದು ನೋಡುವ ತನಕ ಕಾರನ್ನು ಒಂದು ಗೇಣೂ ಸರಿಸುವುದಿಲ್ಲ ಎಂದು ಬಾನೆಟ್ಟಿಗೆ ಒರಗಿ ನಿಂತೆ. ಎದುರಿನ ಸ್ಟುಡಿಯೋದಿಂದ ಫೋಟೋಗ್ರಾಫರನನ್ನು ಕರೆತಂದೆ. ಮದುವೆಗಳಲ್ಲೇ ಪಳಗಿದ ಆತ ಮುರಿದ ಬಾಗಿಲ ಪಕ್ಕ ನನ್ನನ್ನು ನಿಲ್ಲಿಸಿ, "ಏಕ್ಟು ಹಾಶುನ್, ದೀದಿ" ಎಂದು ನಗಲು ಹೇಳಿದ. ನಗದ ನನ್ನ ಮುಖವನ್ನೂ, ಇನ್ನೂ ಮಿಟುಕುತ್ತಿದ್ದ ಇಂಡಿಕೇಟರನ್ನೂ, ಆ ಗಾಡಿಯ ನಂಬರನ್ನೂ ತೆಗೆದ. ಆದರೆ ನಾನು ನಿಂತಿದ್ದೆನೋ ತಿರುಗುತ್ತಿದ್ದೆನೋ, ಅದನ್ನು ಫೋಟೋ ಹೇಳುವುದಿಲ್ಲವಲ್ಲ.

ಹೇಳಿದ್ದು ಮೂಲೆಮನೆಯ ಮಹಡಿ. "ಆಮಿ ಶೊಬ್ ದೇಖೇಛಿ! ನಾನು ಎಲ್ಲಾ ನೋಡಿದ್ದೀನಿ!" ಎಂದು ವರಾಂಡದಿಂದ ಮುದುಕಿಯೊಬ್ಬರು ಕೂಗಿದರು. ಓಣಿಯವರೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ವಿಧವೆ. ಒಳಗಿನಿಂದ ಮಗ, "ಅಮ್ಮಾ, ಪೊಲೀಸರ ಗೊಡವೆ ನಮಗ್ಯಾಕೆ?" ಎಂದು ತಡೆದದ್ದು ಕೆಳಗಿನವರೆಗೂ ಕೇಳಿಸಿತು. ಅದಕ್ಕೆ ಅವರ ಉತ್ತರವೂ ಕೇಳಿಸಿತು: "ಮದುವೆಯಾಗಿ ಬಂದಾಗಿನಿಂದ ಇಲ್ಲೇ ಕೂತು ಬೀದಿ ನೋಡ್ತಿದ್ದೀನಿ. ಏನು ನೋಡಿದೆ ಅಂತ ಒಬ್ಬರೂ ಕೇಳಿಲ್ಲ. ಇವತ್ತು ಹೇಳಿಯೇ ಹೇಳ್ತೀನಿ."

ಕೋಲೂರಿಕೊಂಡು ಇಳಿದು, ಪೊಲೀಸರು ಬಂದು ನೋಡಿದ ಮೇಲೆ ನನ್ನ ಜೊತೆ ಠಾಣೆಗೂ ಬಂದು, ನನ್ನ ಕಾರು ನಿಂತೇ ಇತ್ತೆಂದು ಹೇಳಿದರು. ದೂರು ಬರೆದುಕೊಳ್ಳುತ್ತಿದ್ದ ಅಧಿಕಾರಿ ನಯವಾಗಿಯೇ, "ಮಾಶಿಮಾ, ಅಷ್ಟು ದೂರದಿಂದ ನಿಮಗೆ ಕಾಣಿಸ್ತದಾ?" ಎಂದು ಕೇಳಿದರು. "ಕಾಣ್ತದೆ ಬಾಬಾ. ಬಾಗಿಲಲ್ಲಿ ಕಾಲಿಡುವಾಗಲೇ ಕಂಡಿತು, ನಿನ್ನ ಅಂಗಿಯ ಗುಂಡಿ ತಪ್ಪಿಹೋಗಿದೆ" ಎಂದರು ಆಕೆ. ಅಧಿಕಾರಿ ಗುಂಡಿ ಸರಿಮಾಡಿಕೊಂಡು, "ಕಾರು ನಿಂತಿತ್ತು" ಎಂದು ಬರೆದುಕೊಂಡರು.

ಆ ಎರಡು ಶಬ್ದ ಸಾಕಾಯಿತು. ಇನ್ಶೂರೆನ್ಸಿನ ಸರ್ವೇಯರು ಬಂದು ನೋಡುವವರೆಗೆ ಗ್ಯಾರೇಜಿನವನಿಗೆ ಕಾರು ಮುಟ್ಟಗೊಡಲಿಲ್ಲ. ಅವರು ಬಂದು, ಠಾಣೆಯ ದೂರಿನ ನಕಲು ಓದಿ, ಗೀರು ಯಾವ ದಿಕ್ಕಿಗೆ ಹೋಗಿದೆಯೆಂದು ಬೆರಳಾಡಿಸಿ ನೋಡಿ, "ನೀವು ಹೇಳೋದು ಸರಿಯಿದೆ" ಎಂದರು. ಕ್ಲೇಮು ಪಾಸಾಯಿತು. ತಪ್ಪೆಲ್ಲ ನನ್ನ ಮೇಲೆ ಹೊರಿಸಲು ಹೊರಟಿದ್ದ ಕಂಟ್ರಾಕ್ಟರು, ಸಾಕ್ಷಿಯ ಸುದ್ದಿ ತಿಳಿದು ಹಿಂದೆ ಸರಿದ.

ಕಾರು ಹೊಸ ಬಾಗಿಲು ತೊಟ್ಟು ಬಂದ ಭಾನುವಾರ, ಮಾಶಿಮಾರನ್ನು ಗಂಗೆಯ ದಂಡೆಗೆ ಕರೆದೊಯ್ಯಲು ಹೋದೆ. ಮುಂದೆ ಕೂತಿದ್ದ ನಮ್ಮವರನ್ನು ಆಕೆ ಕೋಲಿನಿಂದಲೇ ಹಿಂದಕ್ಕೆ ಕಳಿಸಿದರು. "ಮೊದಲು ಗಂಡ, ಆಮೇಲೆ ಮಗ. ಮುಂದಿನ ಸೀಟು ನನಗೆ ಸಿಕ್ಕಿದ್ದೇ ಇಲ್ಲ" ಎಂದು ಕಾಲು ನೀಡಿ ಕೂತರು. ದಾರಿಯಲ್ಲಿ ಹಿಂದಿನಿಂದ ದೊಡ್ಡ ಗಾಡಿಯೊಂದು ಹಾರ್ನ್ ಬಡಿಯತೊಡಗಿತು. ರೂಢಿಬಲದಿಂದ ನನ್ನ ಕೈ ಸ್ಟಿಯರಿಂಗನ್ನು ಪಕ್ಕಕ್ಕೆ ತಿರುಗಿಸಲು ಹೋಯಿತು.

"ಯಾಕೆ ಸರೀತೀಯ ಮಾ?" ಎಂದರು ಮಾಶಿಮಾ. "ಹಾರ್ನ್ ಅವನದಿರಬಹುದು. ರಸ್ತೆ ಅವರಪ್ಪನದಲ್ಲ."

ನಾನು ಸರಿಯಲಿಲ್ಲ.