ನೋಣಯ್ಯನ ತಲೆಯ ಚಿತ್ರ

ಡಾ. ದೇವಿಪ್ರಸಾದ್ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದದ್ದೆಲ್ಲ ನಿಜವೇ. ವಾಮದಪದವಿನಲ್ಲಿ ಹುಟ್ಟಿ, ಬಂಟ್ವಾಳದಲ್ಲಿ ಓದಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞನಾದದ್ದು ನಿಜ. ಪಾರ್ಶ್ವವಾಯು ಬಡಿದವರ ಮೆದುಳಿನ ಸ್ಕ್ಯಾನ್ ನೋಡಿ, ಅದು ಬಡಿದು ಎಷ್ಟು ಹೊತ್ತಾಯಿತೆಂದು ಅಂದಾಜು ಮಾಡುವ ಕ್ರಮವೊಂದನ್ನು ವರ್ಷಗಟ್ಟಲೆ ಕೂತು ರೂಪಿಸಿದ್ದೂ ನಿಜ. ಅದರ ಹಿಂದೆ ಯಾಕೆ ಬಿದ್ದ ಎನ್ನುವುದು ಮಾತ್ರ ಎಲ್ಲೂ ಬರಲಿಲ್ಲ.

ಪ್ರಾಯದಲ್ಲಿ ಅವನ ಬಾಯಿ ಬಲು ಬಿರುಸು. ಮೆದುಳಿನ ನಾಳದಲ್ಲಿ ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಉಂಟು, ಆದರೆ ಅದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಹೊತ್ತು ಮೀರಿದ ಮೇಲೆ ಕೊಟ್ಟರೆ ಸತ್ತ ಭಾಗದೊಳಗೆ ರಕ್ತ ಸೋರಿ ಜೀವಕ್ಕೇ ಕುತ್ತು ಬರಬಹುದು. ನಮ್ಮ ಕಡೆಯಲ್ಲಿ ಕೈಕಾಲು ಬಿದ್ದವರನ್ನು ಮೊದಲು ಕರೆದೊಯ್ಯುವುದು ಎಣ್ಣೆ ಉಜ್ಜುವವರ ಮನೆಗೆ. ಅಲ್ಲಿ ಆಗದಿದ್ದರೆ ಆಸ್ಪತ್ರೆಗೆ. ಹಾಗೆ ಬಂದವರನ್ನು ಅವನು ತುರ್ತು ವಿಭಾಗದ ಬಾಗಿಲಲ್ಲೇ ನಿಲ್ಲಿಸಿ ಹತ್ತು ಜನರಿಗೆ ಕೇಳುವಂತೆ ಬಯ್ಯುತ್ತಿದ್ದ.

"ಇಷ್ಟು ಹೊತ್ತು ಎಲ್ಲಿ ಇಟ್ಟಿದ್ರಿ ಇವರನ್ನು? ಉಪ್ಪಿನಕಾಯಿ ಹಾಕ್ಲಿಕ್ಕೆ ಇಟ್ಟದ್ದಾ?"

ನಾರಾವಿಯ ನೋಣಯ್ಯನನ್ನು ಕರೆತಂದದ್ದು ಆ ದಿನಗಳಲ್ಲೇ. ಸ್ವಲ್ಪ ಗದ್ದೆ, ಸ್ವಲ್ಪ ರಬ್ಬರ್ ಇದ್ದ ಗಟ್ಟಿ ಆಳು. ಬಲಗೈ, ಬಲಗಾಲು ಬಿದ್ದಿತ್ತು, ಮಾತು ಹೋಗಿತ್ತು. ತಲೆಗೂದಲು ಇನ್ನೂ ಒದ್ದೆಯಾಗಿತ್ತು, ಮೈಯಿಂದ ಸಾಬೂನಿನ ಪರಿಮಳ ಬರುತ್ತಿತ್ತು. ಜೊತೆಗೆ ಬಂದವಳು ಹೆಂಡತಿ ಪ್ರೇಮಾವತಿ.

"ಯಾವಾಗ ಆದದ್ದು?"

"ಊಟ ಆಗಿ ಕೈ ತೊಳೀಲಿಕ್ಕೆ ಎದ್ದವರು ಬಿದ್ದದ್ದು ಡಾಕ್ಟ್ರೇ. ಬಿದ್ದ ಕೂಡ್ಲೇ ಜೀಪು ಮಾಡಿಸಿ ಬಂದದ್ದು."

ದೇವಿಪ್ರಸಾದನ ಮುಖ ಅರಳಿತು. ಅಲ್ಲಿದ್ದ ಬೇರೆ ರೋಗಿಗಳ ಮನೆಯವರ ಕಡೆಗೆ ತಿರುಗಿ, "ನೋಡಿ, ಹೀಗೆ ಬರಬೇಕು!" ಎಂದ.

ಸಿ.ಟಿ. ಸ್ಕ್ಯಾನ್ ಪರದೆಯ ಮೇಲೆ ಬಂತು. ಎಡ ಮೆದುಳಿನ ಒಂದು ಕಡೆ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ, ಒಂದಿಷ್ಟು ಮಸುಕು. ಊಟದ ನಂತರ ಬಿದ್ದವನಿಗೆ ಅಷ್ಟು ಬೇಗ ಬರಬಾರದ ಮಸುಕು. ಅದು ಅವನಿಗೆ ಕಂಡಿತ್ತು. ಒಂದು ಕ್ಷಣ ತಡೆದು ನಿಂತ. ಆದರೆ ಹೇಳುವವಳ ಮುಖದಲ್ಲಿ ಏನೂ ಅಳುಕಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಂದವರು ಎಂಬ ಸಂತೋಷ ಬೇರೆ. ಚುಚ್ಚುಮದ್ದು ಕೊಟ್ಟ. ಸಂಜೆಯ ಹೊತ್ತಿಗೆ ತಲೆಯೊಳಗೆ ರಕ್ತ ತುಂಬಿತು. ನೋಣಯ್ಯ ಮತ್ತೆ ಕಣ್ಣು ತೆರೆಯಲಿಲ್ಲ.

"ಹೊಡೆತ ದೊಡ್ಡದಿತ್ತು ಅಕ್ಕ. ನಮ್ಮಿಂದ ಆಗುವುದೆಲ್ಲ ಮಾಡಿದೆವು," ಎಂದ. ಪ್ರೇಮಾವತಿ ಅಳುತ್ತಲೇ ಅವನಿಗೆ ಕೈಮುಗಿದಳು.

ಅವನಿಗೆ ನಿಜ ಗೊತ್ತಾದದ್ದು ಕೆಲವು ತಿಂಗಳ ಮೇಲೆ. ವಾರಕ್ಕೊಮ್ಮೆ ಬೆಳ್ತಂಗಡಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ. ಅಲ್ಲಿಗೆ ಬೆರಳು ಜೋಮು ಹಿಡಿಯುತ್ತದೆಂದು ಜತ್ತಪ್ಪ ಬಂದ. ನಾರಾವಿ ಕಡೆಯಲ್ಲಿ ಎಣ್ಣೆ ಉಜ್ಜುವುದರಲ್ಲಿ ಹೆಸರಾದವ.

"ಏನು ಜತ್ತಪ್ಪಣ್ಣ, ನಿಮ್ಮ ಎಣ್ಣೆ ನಿಮಗೇ ಹಿಡಿಯಲಿಲ್ವಾ?"

"ಅದಕ್ಕೆ ನನ್ನ ಗುರುತು ಜಾಸ್ತಿಯಾಯ್ತು ಡಾಕ್ಟ್ರೇ, ಮರ್ಯಾದೆ ಕೊಡುವುದಿಲ್ಲ."

ಇಬ್ಬರೂ ನಕ್ಕರು. ನಗುವಿನ ಸಲಿಗೆಯಲ್ಲಿ ಜತ್ತಪ್ಪ ಮುಂದುವರಿಸಿದ. "ನಾನು ಈಗ ಯಾರನ್ನೂ ತುಂಬ ಹೊತ್ತು ಇಟ್ಟುಕೊಳ್ಳುವುದಿಲ್ಲ ಆಯ್ತಾ. ಆ ನೋಣಯ್ಯ ಬೆಳಗಾಗುವ ಮೊದಲೇ ರಬ್ಬರ್ ಹಾಲು ತೆಗೀಲಿಕ್ಕೆ ಹೋದವ, ಮರದ ಬುಡದಲ್ಲೇ ಬಿದ್ದದ್ದು. ನನ್ನಲ್ಲಿಗೆ ತಂದ್ರು. ಎರಡು ಸಲ ಉಜ್ಜಿದೆ, ಇದು ನನ್ನಿಂದ ಆಗುವುದಲ್ಲ ಅಂತ ಗೊತ್ತಾಯ್ತು. ಬಿಸಿನೀರಲ್ಲಿ ಮೀಯಿಸಿ ನಿಮ್ಮಲ್ಲಿಗೆ ಕಳಿಸಿದೆ."

"ಮೀಯಿಸಿದ್ದು ಯಾಕೆ?"

"ಎಣ್ಣೆಯ ವಾಸನೆ ಬಂದ್ರೆ ನೀವು ಬಯ್ತೀರಿ ಅಲ್ವಾ? ಎಲ್ಲರನ್ನೂ ಹಾಗೆಯೇ ಕಳಿಸುವುದು. ಹೊತ್ತು ಕೇಳಿದ್ರೆ ಈಗಷ್ಟೇ ಅಂತ ಹೇಳಿ, ಇಲ್ಲದಿದ್ರೆ ಆ ಡಾಕ್ಟ್ರು ಮಾನ ತೆಗೀತಾರೆ ಅಂತ ನಾನೇ ಹೇಳಿ ಕೊಡುವುದು."

ಒಳ್ಳೆಯ ಮಾತೇ ಆಡಿದೆನೆಂದು ತಿಳಿದು ಜತ್ತಪ್ಪ ಎದ್ದುಹೋದ. ದೇವಿಪ್ರಸಾದ್ ಮುಂದಿನ ರೋಗಿಯನ್ನು ಕರೆಯಲಿಲ್ಲ. ಒದ್ದೆ ಕೂದಲಿನ ಎಷ್ಟೋ ತಲೆಗಳು ಅವನಿಗೆ ನೆನಪಾದವು. ಬಯ್ದರೆ ಜನ ಬೇಗ ಬರುತ್ತಾರೆಂದು ಅವನು ತಿಳಿದಿದ್ದ. ಜನ ಬೇಗ ಬರಲು ಕಲಿತಿರಲಿಲ್ಲ, ಮಿಂದು ಬರಲು ಕಲಿತಿದ್ದರು.

ಆ ಮೇಲೆ ಅವನು ಕೇರಳಕ್ಕೆ ಹೋಗಿ ಮೆದುಳಿನ ಚಿತ್ರಗಳ ವಿದ್ಯೆಯನ್ನು ಹೊಸದಾಗಿ ಕಲಿತು ಬಂದ. ಎಂ.ಆರ್.ಐ. ಯಂತ್ರ ಎಲ್ಲ ಕಡೆ ಇರುವುದಿಲ್ಲ. ಸಣ್ಣ ಊರಿನ ಸಿ.ಟಿ. ಚಿತ್ರದಲ್ಲೇ ಆ ಮಸುಕನ್ನು ಅಳೆಯಲಾಗಬೇಕು ಎಂಬುದು ಅವನ ಹಟ. ಮಸುಕು ಎಂದರೆ ಸಾಯುತ್ತಿರುವ ಭಾಗ ನೀರು ಹೀರುವುದು. ಹೊತ್ತು ಹೋದಷ್ಟೂ ಅದು ಗಾಢವಾಗುತ್ತದೆ. ಬಂಟ್ವಾಳದ ಸ್ಕ್ಯಾನ್ ಸೆಂಟರಿನಲ್ಲಿ ಯಂತ್ರ ನಡೆಸುತ್ತಿದ್ದ ಫಯಾಝ್ ಅವನ ಹೈಸ್ಕೂಲಿನ ಸಹಪಾಠಿ. ಚಿತ್ರಗಳು ಮೊದಲು ಬಂದದ್ದು ಅವನಿಂದ.

"ನಿನ್ನ ಮನೋರಮಕ್ಕನಿಗಾದ್ರೂ ದಿನಕ್ಕೆ ಇಷ್ಟು ಸಲ ಫೋನ್ ಮಾಡ್ತೀಯಾ ಮಾರಾಯ?" ಎಂದು ಫಯಾಝ್ ಅವನ ಹೆಂಡತಿಯ ಹೆಸರು ತೆಗೆದು ಕೆಣಕುತ್ತಿದ್ದ.

"ಅವಳ ತಲೆಯಲ್ಲಿ ಏನುಂಟು ಅಂತ ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ನೀನು ಚಿತ್ರ ಕಳಿಸು."

ಲೆಕ್ಕ ಹೆಚ್ಚಿನವರಲ್ಲಿ ಸರಿಬಂತು. ತೀರ ವಯಸ್ಸಾದವರ ಒಣಗಿದ ಮೆದುಳಿನಲ್ಲಿ ತಪ್ಪುತ್ತಿತ್ತು, ಅದನ್ನವನು ಮುಚ್ಚಿಡಲಿಲ್ಲ. ಪ್ರಬಂಧಗಳು ಅಚ್ಚಾದವು, ದೂರದ ಸಮ್ಮೇಳನಗಳಿಂದ ಕರೆ ಬಂತು. ಪ್ರತಿ ಉಪನ್ಯಾಸದಲ್ಲೂ ಮೊದಲು ತೋರಿಸುತ್ತಿದ್ದದ್ದು ನೋಣಯ್ಯನ ತಲೆಯ ಚಿತ್ರ, ಹೆಸರಿಲ್ಲದೆ. "ಈ ರೋಗಿಯ ಮನೆಯವರು ಕೊಟ್ಟ ಮಾಹಿತಿ ನಂಬುವಂತಿರಲಿಲ್ಲ," ಎಂದು ಹೇಳುತ್ತಿದ್ದ. ಚಪ್ಪಾಳೆ ಮುಗಿಸಿಕೊಂಡು ವೇದಿಕೆಯಿಂದ ಇಳಿದವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಬಯ್ಯುವುದು ಪೂರ್ತಿ ನಿಂತಿತು. ಬಂದವರ ಹೆಗಲ ಮೇಲೆ ಕೈಯಿಟ್ಟು ತುಳುವಿನಲ್ಲಿ ಮೆಲ್ಲಗೆ ಕೇಳುತ್ತಿದ್ದ, ಎಣ್ಣೆ ಹಾಕಿದ್ದೀರಾ, ಹಾಕಿದ್ದರೂ ಅಡ್ಡಿಯಿಲ್ಲ ಎಂದು.

ಅವನನ್ನು ತಿನ್ನುತ್ತಿದ್ದದ್ದು ಪ್ರೇಮಾವತಿಯ ಭಕ್ತಿ. ನಾರಾವಿಯಲ್ಲಿ ಯಾರಿಗೆ ಕೈ ನಡುಗಿದರೂ ಅವಳೇ ಅವನ ಹತ್ತಿರ ಕರೆತರುವಳು. ಒಮ್ಮೆ ಮೂಡುಬಿದಿರೆಯ ಶಿಬಿರವೊಂದರಲ್ಲಿ ಎದ್ದುನಿಂತು ಎಲ್ಲರೆದುರು, "ನಮ್ಮವರನ್ನು ಉಳಿಸ್ಲಿಕ್ಕೆ ಇವರು ಊಟ ಬಿಟ್ಟು ಒದ್ದಾಡಿದ್ದು ನಾನು ಕಣ್ಣಾರೆ ನೋಡಿದ್ದು. ದೇವರಂಥವರು," ಎಂದಳು. ಅವನು ಫೋನ್ ಬಂದ ನೆಪ ಮಾಡಿ ಹೊರಗೆ ಹೋದ.

ಕಳೆದ ವರ್ಷ ಅವನ ಹೊಟ್ಟೆನೋವಿಗೆ ಫಯಾಝನೇ ಸ್ಕ್ಯಾನ್ ಮಾಡಿದ. ಮೇದೋಜೀರಕದಲ್ಲಿ ಗಡ್ಡೆ, ಪಿತ್ತಕೋಶದವರೆಗೂ ಹರಡಿತ್ತು. ಚಿತ್ರ ನೋಡಿ ಅವನು ಮೊದಲು ಆಡಿದ ಮಾತು, "ಫಯಾಝ್, ನಾರಾವಿಗೆ ಹೋಗುವ."

"ಯಾಕೆ?"

"ಪ್ರೇಮಾವತಿಯಕ್ಕನಿಗೆ ಹೇಳ್ಬೇಕು."

"ಹೇಳಿದ್ರೆ ಯಾರಿಗೆ ಉಪಕಾರ ಮಾರಾಯ? ಸತ್ತವರು ಎದ್ದು ಬರ್ತಾರಾ?"

"ಬರುವುದಿಲ್ಲ. ಆದ್ರೆ ಸುಳ್ಳು ಹೊಗಳಿಕೆ ಹೊತ್ತುಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಫಯಾಝನೇ ಕಾರು ಬಿಟ್ಟ. ಪ್ರೇಮಾವತಿ ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದಳು. ಓಡಿಬಂದು ಕುರ್ಚಿ ಕೊಟ್ಟಳು, ಬೆಲ್ಲ ನೀರು ತಂದಿಟ್ಟಳು, "ಎಷ್ಟು ಸೋತಿದ್ದೀರಿ ಡಾಕ್ಟ್ರೇ," ಎಂದು ನೊಂದಳು. ಅವನು ಒಂದೊಂದಾಗಿ ಹೇಳಿದ. ಬಿದ್ದದ್ದು ಬೆಳಿಗ್ಗೆ ಎಂದು ತನಗೆ ಆಮೇಲೆ ತಿಳಿದದ್ದು, ಚುಚ್ಚುಮದ್ದಿನಿಂದಲೇ ರಕ್ತ ಸೋರಿದ್ದು, ತನ್ನ ಬೈಗುಳಕ್ಕೆ ಹೆದರಿ ಅವಳು ಸುಳ್ಳು ಹೇಳಬೇಕಾಗಿ ಬಂದದ್ದು.



"ಅಂದ್ರೆ ನಾನು ನಿಜ ಹೇಳಿದ್ರೆ?"

"ಆ ಸೂಜಿ ಕೊಡ್ತಿರಲಿಲ್ಲ. ಕೈಕಾಲು ಬರ್ತಿರಲಿಲ್ಲವೋ ಏನೋ. ಜೀವ ಉಳೀತಿತ್ತು ಅಂತ ಕಾಣ್ತದೆ. ತಪ್ಪು ನನ್ನದು ಅಕ್ಕ."

"ನಿಮ್ಮದು ಅಂತ ನೀವು ಹೇಳ್ತೀರಿ. ಬಾಯಿ ನನ್ನದಲ್ವಾ?" ಅವಳ ದನಿ ಏರಲಿಲ್ಲ. "ನೀವು ಹೇಳಿ ಹಗುರ ಆದ್ರಿ ಡಾಕ್ಟ್ರೇ. ನಾನು ಇದನ್ನು ಯಾರ ಹತ್ರ ಹೇಳ್ಲಿ? ಮಕ್ಕಳಿಗೆ ಹೇಳ್ಲಿಕ್ಕುಂಟಾ?"

ಅವಳು ಎದ್ದು ಶೀಟುಗಳ ಕಡೆಗೆ ಹೋದಳು. ಹಿಂದಿರುಗುವ ದಾರಿಯಲ್ಲಿ ದೇವಿಪ್ರಸಾದ್, "ನೀನು ಹೇಳಿದ್ದೇ ಸರಿ," ಎಂದ. ಫಯಾಝ್ ಗೇರು ಬದಲಿಸಿದ.

ದೇವಿಪ್ರಸಾದ್ ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಪ್ರೇಮಾವತಿ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದಳು. ಸ್ಕ್ಯಾನ್ ಸೆಂಟರಿನ ಬಾಗಿಲಲ್ಲಿ ನಿಂತು, "ಫಯಾಝಣ್ಣ, ನಮ್ಮವರ ತಲೆಯ ಚಿತ್ರ ನಿಮ್ಮಲ್ಲಿ ಉಂಟಾ?" ಎಂದು ಕೇಳಿದಳು.

ಅವನು ಗೆಳೆಯ ಕಳಿಸಿದ್ದ ಉಪನ್ಯಾಸದ ಚಿತ್ರ ತೆರೆದು ಮಸುಕಿನ ಸುತ್ತ ಬೆರಳಾಡಿಸಿದ. ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು.

"ನನಗೆ ಏನೂ ಕಾಣುವುದಿಲ್ಲ."

"ಕಲಿತವರಿಗೆ ಮಾತ್ರ ಕಾಣುವುದು ಅಕ್ಕ."

"ಆವತ್ತು ಡಾಕ್ಟ್ರಿಗೆ ಕಂಡಿತ್ತಾ?"

ನಾರಾವಿಯಲ್ಲಿ ದೇವಿಪ್ರಸಾದ್ ಹೇಳದೆ ಉಳಿಸಿಕೊಂಡದ್ದು ಅದೊಂದೇ. ಫಯಾಝನಿಗೆ ಅದು ಗೊತ್ತಿತ್ತು. ಇಲ್ಲ ಎಂದುಬಿಟ್ಟರೆ ಗೆಳೆಯನ ಮಾನ ಉಳಿಯುತ್ತಿತ್ತು.

"ಕಂಡಿತ್ತು," ಎಂದ.

"ಹಾಗಾದ್ರೆ ಬರೀ ನನ್ನ ಬಾಯಿಯಿಂದ ಹೋದದ್ದಲ್ಲ. ಅವರಿಗೆ ಹೇಳಿ, ಅವರ ಕಣ್ಣಿನದ್ದೂ ಉಂಟು ಅಂತ." ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಮೆಟ್ಟಿಲಿಳಿದು ಹೋದಳು.

ಆ ಸಂಜೆ ಫಯಾಝ್ ವಾಮದಪದವಿಗೆ ಹೋದ. ದೇವಿಪ್ರಸಾದನ ಮುಖ ಆಗಲೇ ಹಳದಿಗಟ್ಟಿತ್ತು. ಮನೋರಮಾ ಗಂಜಿ ಕುಡಿಸಲು ನೋಡಿ ಸೋತು, ಬಟ್ಟಲನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ಫಯಾಝ್ ಮಂಚದ ಅಂಚಿನಲ್ಲಿ ಕೂತು, ಅವಳಾಡಿದ ಮಾತನ್ನು ಒಂದಕ್ಷರ ಮೆದು ಮಾಡದೆ ಹೇಳಿದ.

"ಕ್ಷಮಿಸಿದ್ದೇನೆ ಅಂತ ಏನಾದ್ರೂ?"

"ಇಲ್ಲ. ಇಷ್ಟೇ."

ಅವನು ಮಾಡಿನ ಹಂಚುಗಳನ್ನೇ ನೋಡುತ್ತಾ ಮಲಗಿದ್ದ. "ಇನ್ನೊಮ್ಮೆ ಹೇಳು."

ಫಯಾಝ್ ಇನ್ನೊಮ್ಮೆ ಹೇಳಿದ.

"ಅವಳ ಪಾಲಿನ ಭಾರ ಸ್ವಲ್ಪ ಇಳಿಯಿತಲ್ಲ," ಎಂದ ದೇವಿಪ್ರಸಾದ್.

ಹೆಚ್ಚು ದಿನ ಉಳಿಯಲಿಲ್ಲ. ಹನ್ನೆರಡನೆಯ ದಿನದ ಊಟಕ್ಕೆ ಬೆಳ್ತಂಗಡಿ, ಮೂಡುಬಿದಿರೆಗಳಿಂದ ಕೋಲೂರಿಕೊಂಡು, ಮಕ್ಕಳ ಕೈಹಿಡಿದುಕೊಂಡು ಬಂದ ರೋಗಿಗಳಿಂದ ಅಂಗಳ ತುಂಬಿತ್ತು. ನಾರಾವಿಯಿಂದ ಒಂದು ಜೀಪು ತುಂಬ ಜನ ಬಂದಿದ್ದರು. ಪ್ರೇಮಾವತಿ ಅವರಲ್ಲಿ ಇರಲಿಲ್ಲ.