ಗೋಡೆಗೆ ಸುಣ್ಣ ಹೊಡೆಸಿದ ಧಣಿ

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ತುಂಬ ಕಪ್ಪು ರೋಮ. ಬಲಗೈ ಮಾತ್ರ ಸುಲಿದ ಬಾಳೆದಿಂಡಿನ ಹಾಗೆ ನುಣ್ಣಗೆ, ಅಲ್ಲಲ್ಲಿ ಎಣ್ಣೆ ಸಿಡಿದ ಬಿಳಿ ಚುಕ್ಕೆಗಳು. ಉಡುಪಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು, ಯಾರದೋ ಹೋಟೆಲಿನ ಬಾಣಲೆಯ ಮುಂದೆ ವರ್ಷಗಟ್ಟಲೆ ನಿಂತು ವಡೆ ಕರಿದ ಕೈ ಅದು. ಆಮೇಲೆ ಸಾಂತಾಕ್ರೂಜ್ ಸ್ಟೇಶನ್ನಿನ ಹತ್ತಿರ ಸ್ವಂತ ಹೋಟೆಲು ಹಾಕಿ ಗಲ್ಲಾದ ಹಿಂದೆ ಕೂತರು. ಎಲ್ಲರೂ ಅವರನ್ನು ಧಣಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆ ಕೈಯನ್ನು ಪೆನ್ಸಿಲಿನಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹಿಡಿದು ತಿರುಚಿಬಿಡಬೇಕು ಅನ್ನಿಸಿದ್ದೂ ಇದೆ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳೇನು ಗೋಡೆಯ ಮೇಲೆ ಚಿತ್ರ ಬರೆದವಳಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ಚಿತ್ರಕಲೆ ಕಲಿಯಲೆಂದು ಧಾರವಾಡದಿಂದ ಹೋದವನು ಫೀ ಕಟ್ಟಲಾಗದೆ ಅರ್ಧಕ್ಕೇ ಬಿಟ್ಟಿದ್ದೆ. ಸಾಂತಾಕ್ರೂಜಿನ ಚಾಳಿನಲ್ಲಿ ಇಬ್ಬರು ಗುಮಾಸ್ತರ ಜೊತೆ ಒಂದು ಖೋಲಿ. ಅಂಧೇರಿಯಲ್ಲಿ ಸಿನಿಮಾ ಸೆಟ್ಟುಗಳ ಪರದೆಯ ಮೇಲೆ ಮೋಡ, ಅರಮನೆಯ ಕಂಬ, ಹುಣ್ಣಿಮೆಯ ಚಂದ್ರ ಬರೆಯುವ ಕೂಲಿ. ಸಿನಿಮಾದವರು ದುಡ್ಡು ಕೊಟ್ಟರೆ ಕೊಟ್ಟರು, ಇಲ್ಲವಾದರೆ ಪಿಕ್ಚರ್ ಬಿಡುಗಡೆಯಾಗಲಿ ಎಂದರು. ಹೀಗಾಗಿ ಧಣಿಯ ಹೋಟೆಲಿನಲ್ಲಿ ನನ್ನದು ಯಾವಾಗಲೂ ಉದ್ರಿ.

ಉದ್ರಿ ಕೊಟ್ಟರು, ಇಲ್ಲವೆನ್ನುವುದಿಲ್ಲ. ಆದರೆ ಕೊಡುವ ರೀತಿ ಹೇಗಿತ್ತೆಂದರೆ, ನಾನು ಒಳಗೆ ಕಾಲಿಟ್ಟ ಕೂಡಲೇ ಗಲ್ಲಾದಿಂದ ಅಡುಗೆಮನೆಗೆ ಕೇಳಿಸುವಂತೆ ಕೂಗುವರು: "ಆರ್ಟಿಸ್ಟ್ ಬಂದ್ರು. ಒಂದು ಊಟ ಕೊಡಿ. ಅವರ ಹತ್ರ ದುಡ್ಡಿಲ್ಲ, ಬಿಲ್ಲು ಮಾಡ್ಬೇಡಿ."

ಇಡೀ ಹೋಟೆಲು ತಿರುಗಿ ನೋಡುವುದು. ತಲೆ ಬಗ್ಗಿಸಿ ಬೇಗ ಬೇಗ ಉಂಡು ಏಳುತ್ತಿದ್ದೆ. ಒಂದು ದಿನ ಗಲ್ಲಾದ ಹತ್ತಿರ ಬಾಗಿ, "ಧಣಿ, ಸ್ವಲ್ಪ ಸಣ್ಣ ದನಿಯೊಳಗ ಹೇಳ್ರಿ. ಮಂದಿ ಮುಂದ ಮಾನ ಹೋಗ್ತದ," ಅಂದೆ.

"ದುಡ್ಡಿಲ್ಲ ಅಂದ್ರೆ ಮಾನ ಎಂತಕ್ಕೆ ಹೋಗ್ಬೇಕು ಮಾರಾಯ್ರೆ? ನೀವೇನು ಕದ್ದಿದ್ದೀರಾ?" ಎಂದು ಅದನ್ನೂ ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಮರುದಿನ ಮತ್ತೆ ಅದೇ ಕೂಗು.

ದಾನಶೂರರೇನಲ್ಲ. ಎರಡನೇ ಸಲ ಚಟ್ನಿ ಕೇಳಿದವರನ್ನು ದುರುಗುಟ್ಟಿ ನೋಡುತ್ತಿದ್ದರು. ಗ್ಲಾಸು ಒಡೆದ ಸಪ್ಲಾಯರನನ್ನು ಬೈಯಲು ಶುರುಮಾಡಿದರೆ ಅವನ ಊರು, ಮನೆತನ ಯಾವುದನ್ನೂ ಬಿಡುತ್ತಿರಲಿಲ್ಲ. ನನ್ನ ಚಿತ್ರಗಳ ಗತಿಯೂ ಅಷ್ಟೇ. ಮೀನು ಬುಟ್ಟಿ ಹೊತ್ತ ಹೆಂಗಸನ್ನು ಬರೆದು ತೋರಿಸಿದರೆ, "ಕುತ್ತಿಗೆ ಎಂತಕ್ಕೆ ಇಷ್ಟು ಉದ್ದ? ಭಾರ ಹೊತ್ತು ಹೊತ್ತು ಗಿಡ್ಡ ಆಗ್ಬೇಕಿತ್ತಲ್ಲ," ಎಂದರು. ಆದರೆ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕಾಫಿಯಲ್ಲಿ ಅರ್ಧ ನನ್ನ ಬಟ್ಟಲಿಗೆ ಸುರಿದು, "ಇವತ್ತು ಎಂತ ಬರೆದ್ರಿ?" ಎಂದು ಕೇಳುತ್ತಿದ್ದರು. ಆ ಊರಿನಲ್ಲಿ ದಿನವೂ ಆ ಮಾತು ಕೇಳಿದವರು ಅವರೊಬ್ಬರೇ. ಅದಕ್ಕಾಗಿಯೇ ನಾನು ಅಲ್ಲಿಗೆ ಹೋಗುತ್ತಿದ್ದೆ, ಹಸಿವಿಗಾಗಿ ಮಾತ್ರ ಅಲ್ಲ.

ಗೋಡೆಯ ವಿಚಾರ ಎತ್ತಿದ್ದೂ ಅವರೇ. ಒಳಗಿನ ಉದ್ದ ಗೋಡೆಯ ಕನ್ನಡಿಗಳನ್ನು ತೆಗೆಸಿ, "ಪರದೆ ಮೇಲೆ ಎಷ್ಟು ದಿನ ಚಂದ್ರನನ್ನು ಬರೀತೀರಿ? ಇಲ್ಲಿ ಬರೀರಿ," ಅಂದರು. ಒಂದು ಮಳೆಗಾಲ ಪೂರ್ತಿ, ಬಿಡುವಿನ ಮಧ್ಯಾಹ್ನಗಳಲ್ಲಿ, ಪುಡಿಬಣ್ಣಕ್ಕೆ ಅಂಟು ಕಲಸಿ ಬರೆದೆ. ಸಂಜೆಯ ಲೋಕಲ್ ಇಳಿದು ಸ್ಟೇಶನ್ನಿನ ಸೇತುವೆಯಿಂದ ಬರುವ ಜನ: ಗುಮಾಸ್ತರು, ಗಿರಣಿಯವರು, ಖಾಲಿ ಬುಟ್ಟಿಯ ಮೀನಿನ ಹೆಂಗಸರು. ಅದರಲ್ಲಿ ಗುರುಗಳಿಂದ ಕಲಿತದ್ದೂ ಇರಲಿಲ್ಲ, ಸಿನಿಮಾದವರಿಗೆ ಬೇಕಾದದ್ದೂ ಇರಲಿಲ್ಲ. ನನ್ನದೆಂದು ಹೇಳಿಕೊಳ್ಳಬಹುದಾದ ಮೊದಲ ಚಿತ್ರ ಅದು. ಫೋಟೋ ತೆಗೆಸಿಡಲು ಕ್ಯಾಮೆರಾ ಇದ್ದ ಗೆಳೆಯರು ನನಗಿರಲಿಲ್ಲ.

ಅದು ಮುಗಿದ ಕೆಲವು ತಿಂಗಳಿಗೆ, ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿ ದೊಡ್ಡ ಆಫೀಸು ಕಟ್ಟಿಸುತ್ತಿದ್ದ ಒಬ್ಬ ಸೇಠನ ಪರಿಚಯವಾಯಿತು. ಅವನಿಗೆ ಮುಂಬಾಗಿಲಿನ ಗೋಡೆ ತುಂಬ ಒಂದು ಚಿತ್ರ ಬೇಕಿತ್ತು. ಒಂದು ವರ್ಷದ ಕೆಲಸ, ತಿಂಗಳು ತಿಂಗಳು ಸಂಬಳ. ನನ್ನ ಕಾಗದದ ಚಿತ್ರಗಳನ್ನು ತಿರುವಿಹಾಕಿ, "ಕಾಗದದ್ದು ಸರಿ, ಗೋಡೆಯ ಮೇಲೆ ಮಾಡಿದ್ದು ತೋರಿಸು," ಎಂದ. ಹೋಟೆಲಿನ ಗೋಡೆಯ ಬಗ್ಗೆ ಹೇಳಿದೆ. ಭಾನುವಾರ ಹನ್ನೊಂದು ಗಂಟೆಗೆ ಬಂದು ನೋಡುತ್ತೇನೆ ಎಂದ. ಪರದೆಯ ಚಂದ್ರನಿಂದ ಬಿಡುಗಡೆ ಸಿಗಬೇಕಾದರೆ ಆ ಗೋಡೆಯಿಂದಲೇ ಸಿಗಬೇಕಿತ್ತು. ಧಣಿಗೂ ಇಷ್ಟನ್ನೂ ಬಿಡಿಸಿ ಹೇಳಿದೆ. ಅವರ ಕಣ್ಣು ಅರಳಿತು. "ಅಷ್ಟು ದೊಡ್ಡವರು ನಮ್ಮ ಹೋಟೆಲಿಗೆ ಬರ್ತಾರಾ? ನಾನು ಎಲ್ಲ ತಯಾರಿ ಮಾಡ್ತೇನೆ," ಅಂದರು. ನಾನು ಅಂಧೇರಿಯಲ್ಲಿ ಒಂದು ಸೆಟ್ಟು ಮುಗಿಸಲು ಹೋದವನು ಶನಿವಾರ ಅಲ್ಲೇ ಮಲಗಿದೆ.

ಭಾನುವಾರ ಬೆಳಿಗ್ಗೆ ಬಂದರೆ ಹೋಟೆಲಿನ ಬಾಗಿಲಿಗೆ ಮಾವಿನ ತೋರಣ. ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಒಳಗೆ ಹೋದೆ. ನಾಲ್ಕೂ ಗೋಡೆ ಬೆಳ್ಳಗೆ ಹೊಳೆಯುತ್ತಿದ್ದವು. ನನ್ನ ಸೇತುವೆ ಇರಲಿಲ್ಲ, ಜನ ಇರಲಿಲ್ಲ. ಒದ್ದೆ ಸುಣ್ಣದಡಿಯಲ್ಲಿ ಒಂದು ಕಡೆ ಕೆಂಪು ಬಣ್ಣ ಸ್ವಲ್ಪ ಕದಡಿಕೊಂಡಿತ್ತು, ಅಷ್ಟೇ.

ಧಣಿ ಇಸ್ತ್ರಿ ಮಾಡಿದ ಪಂಚೆ ಉಟ್ಟು ನಗುತ್ತ ಎದುರು ಬಂದರು. ಕೈಯಲ್ಲಿ ಹೊಸ ಬಣ್ಣದ ಡಬ್ಬಿಗಳು. "ಹೊಗೆ ಹಿಡಿದು ಹಳದಿ ಆಗಿತ್ತು ಮಾರಾಯ್ರೆ. ದೊಡ್ಡವರು ಬರುವಾಗ ಹಳೆ ಗೋಡೆ ತೋರಿಸ್ಲಿಕ್ಕೆ ಆಗ್ತದಾ? ಬೇಗ ಶುರು ಮಾಡಿ. ಇನ್ನೂ ಮೂರು ಗಂಟೆ ಉಂಟು."

ನಾನು ಆ ಕೆಂಪು ಕದಡಿದ ಕಡೆ ಕೈಯಿಟ್ಟೆ, ಬೆರಳಿಗೆ ಸುಣ್ಣ ಮೆತ್ತಿತು.

"ಇಡೀ ಮಳೆಗಾಲ ಅದನ್ನೇ ಬರೆದಿದ್ದೀರಿ," ಅವರೇ ಮುಂದುವರಿಸಿದರು. "ಈಗ ಬಾಯಿಪಾಠ ಆಗಿರ್ಬೇಕಲ್ಲ?"

ಡಬ್ಬಿಗಳನ್ನು ಅವರ ಕೈಯಿಂದ ಕಿತ್ತು ನೆಲಕ್ಕೆ ಅಪ್ಪಳಿಸಿದೆ. ಏನೇನು ಬೈದೆನೋ ನೆನಪಿಲ್ಲ. "ಗಿರಾಕಿ ತಿಂದು ಹೋದ ಮ್ಯಾಲೆ ಮತ್ತೊಂದು ಹುಯ್ಯಾಕ ಅದೇನು ದ್ವಾಸಿ ಏನ್ರೀ?" ಎಂದು ಕಿರುಚಿದ್ದು ಮಾತ್ರ ನೆನಪಿದೆ. ಅವರು ಬೆದರಲೂ ಇಲ್ಲ, ಅರ್ಥವೂ ಮಾಡಿಕೊಳ್ಳಲಿಲ್ಲ. "ನಮ್ಮಲ್ಲಿ ನಾಗನ ಪೂಜೆಗೆ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ನಾಗಮಂಡಲ ಎಷ್ಟು ಚಂದ ಬರೀತಾರೆ. ಪೂಜೆ ಮುಗಿದ ಮೇಲೆ ಅವರೇ ಅಳಿಸ್ತಾರೆ. ಅವರು ಯಾರೂ ಅತ್ತದ್ದು ನಾನು ನೋಡ್ಲಿಲ್ಲ," ಎಂದರು.

ಸೇಠ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಬಿಳಿ ಗೋಡೆ ನೋಡಿದ, ನನ್ನ ಮುಖ ನೋಡಿದ. ಸುಳ್ಳುಗಾರನನ್ನು ನೋಡುವ ಹಾಗಿತ್ತು ಆ ನೋಟ. ಧಣಿ ಅವನನ್ನು ಕೂರಿಸಿ, ತುಪ್ಪದ ದೋಸೆ, ಕೇಸರಿಭಾತು, ಕಾಫಿ ಎಲ್ಲ ಕೊಡಿಸಿದರು. ಎರಡನೇ ಸಲ ಚಟ್ನಿಯನ್ನು ತಾವೇ ಬಡಿಸಿದರು. "ಇಲ್ಲಿ ಚಿತ್ರ ಇತ್ತು, ಬಹುತ್ ಅಚ್ಛಾ ಥಾ," ಎಂದು ತಮ್ಮ ಹರಕು ಹಿಂದಿಯಲ್ಲಿ ಸಾಕ್ಷಿ ಹೇಳಿದರು. ಅವನು ಚಟ್ನಿಯನ್ನು ಹೊಗಳಿ ಎದ್ದುಹೋದ. ಮತ್ತೆ ನನಗೆ ಕರೆ ಕಳಿಸಲಿಲ್ಲ.

ಅವನ ಕಾರು ತಿರುಗುವವರೆಗೆ ಕಾದು ಗಲ್ಲಾದ ಮುಂದೆ ನಿಂತೆ. "ನಿಮ್ಮ ಊಟ ಎಷ್ಟು ತಿಂದೇನಿ, ನನ್ನ ಗೋಡಿ ನೀವು ನುಂಗೀರಿ. ಲೆಕ್ಕ ಚುಕ್ತಾ ಆತು. ಇನ್ನ ನಿಮ್ಮ ಮಾರಿ ನೋಡೂದಿಲ್ಲ," ಅಂದೆ.

ಆಗ ಮಾತ್ರ ಅವರ ಮುಖ ಇಳಿಯಿತು. ತಪ್ಪಾಯಿತೆಂದು ಹೇಳಲಿಲ್ಲ. "ಅದು ಹೇಗೆ ಚುಕ್ತಾ?" ಎಂದರು, ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ. "ಊಟದ್ದು ನೀವು ಕೊಡ್ಬೇಕು. ಗೋಡೆದ್ದು ನಾನು ಕೊಡ್ಬೇಕು. ಎರಡೂ ಇರ್ಲಿ."

ಹೊಸ ವಿಳಾಸವನ್ನು ಜೊತೆಯ ಗುಮಾಸ್ತರಿಗೆ ಕೊಟ್ಟು, ನಾನು ಖೋಲಿ ಬಿಟ್ಟು ಮಲಾಡಿಗೆ ಹೋದೆ. ಎರಡು ವರ್ಷದ ಮೇಲೆ ಅಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಆ ಹೋಟೆಲಿನ ಹಳೆಯ ಸಪ್ಲಾಯರ್ ಸಿಕ್ಕಿ, ಧಣಿ ಎದೆನೋವಿನಿಂದ ತೀರಿಕೊಂಡರೆಂದು ಹೇಳಿದ. ಆ ಹೊತ್ತಿಗೆ ನನಗೆ ಜಾಹೀರಾತು ಬರೆಯುವ ಕಡೆ ಸಂಬಳದ ಕೆಲಸವಿತ್ತು. ತಿಂದದ್ದನ್ನೆಲ್ಲ ಅಂದಾಜು ಮಾಡಿ ದುಡ್ಡು ಜೇಬಿನಲ್ಲಿಟ್ಟುಕೊಂಡು ಹೋದೆ. ಕೊಟ್ಟು ಕೈತೊಳೆದುಕೊಂಡು, ಆ ಮನುಷ್ಯನನ್ನು ತಲೆಯಿಂದ ತೆಗೆದುಹಾಕಬೇಕೆಂದಿದ್ದೆ.

ಗಲ್ಲಾದಲ್ಲಿ ಅವರ ತಮ್ಮ ಕೂತಿದ್ದರು. ಉಳಿದ ಮೂರು ಗೋಡೆಗಳ ಮೇಲೆ ದೇವರ ಪಟ, ಕನ್ನಡಿ, ಕ್ಯಾಲೆಂಡರು ಒಂದರ ಮೇಲೊಂದು ತುಂಬಿದ್ದವು. ಆ ಉದ್ದ ಗೋಡೆ ಮಾತ್ರ ಬೆಳ್ಳಗೆ ಖಾಲಿ. ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

"ಅಣ್ಣ ಅಲ್ಲಿ ಏನೂ ಹಾಕ್ಲಿಕ್ಕೆ ಬಿಡ್ಲಿಲ್ಲ," ಎಂದರು ತಮ್ಮ. "ಆರ್ಟಿಸ್ಟ್ ಬಂದು ಬರೀತಾರೆ ಅಂತ."

ದುಡ್ಡು ಮುಂದಿಟ್ಟೆ. ಅವರು ಮುಟ್ಟಲಿಲ್ಲ. "ಇದು ಬೇಡ. ಅದನ್ನೂ ಅಣ್ಣ ಹೇಳಿದ್ರು. ಅವರ ದುಡ್ಡು ತಗೋಬೇಡ, ತಗೊಂಡ್ರೆ ಮತ್ತೆ ಈ ಕಡೆ ಬರೋದಿಲ್ಲ ಅಂತ."

ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ತಿಳಿದಿದ್ದ ಮನುಷ್ಯನಿಗೆ ಒಂದು ಲೋಕಲ್ ಹತ್ತಿ ಮಲಾಡಿಗೆ ಬರಲು ಆಗಲಿಲ್ಲವೇ? ಒಂದು ಮಾತು ಹೇಳಿ ಕಳಿಸಬಹುದಿತ್ತು. ಖಾಲಿ ಗೋಡೆ ನೋಡಿಕೊಂಡು ಕಾಯುತ್ತ ಕೂತರಂತೆ, ಕಾದು ಸತ್ತೇಹೋದರಂತೆ. ಇನ್ನು ನಾನು ಯಾರ ಜೊತೆ ಜಗಳ ಮಾಡಲಿ?

"ನೀವು ಬರೀತೀರಾದ್ರೆ ಬರೀರಿ. ಇಲ್ಲದಿದ್ರೆ ಕನ್ನಡಿ ಹಾಕಿಸ್ತೇನೆ," ಎಂದರು ತಮ್ಮ. ಅವರದು ವ್ಯಾಪಾರ, ತಪ್ಪಿಲ್ಲ.

"ಕನ್ನಡಿ ಹಾಕಸ್ರಿ," ಅಂದು ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

ಬರೆದಿದ್ದರೆ ಅವರು ನನಗೆ ಕೊಡಬೇಕಾದ್ದು ತೀರಿಹೋಗುತ್ತಿತ್ತು. ಅಷ್ಟು ಸುಲಭವಾಗಿ ಅವರನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಊಟದ್ದು ನಾನು ಕೊಡಬೇಕು, ಗೋಡೆ ಅವರು ಕೊಡಬೇಕು. ಎರಡೂ ಇವತ್ತಿಗೂ ಹಾಗೇ ಇವೆ.